ಕ್ಯಾರವಾನ್ ಕೊಳ್ಳುವವರೇ, ವೇಬ್ರಿಡ್ಜ್ ಚೀಟಿ ನೋಡದೆ ದುಡ್ಡು ಕೊಡಬೇಡಿ

ಕಾಸರಗೋಡು, ಮಂಜೇಶ್ವರ ಕಡೆಯವರು ಯಾರಾದರೂ ಹಳೇ ವ್ಯಾನನ್ನು ಕ್ಯಾರವಾನ್ (ಒಳಗೇ ಮಲಗಿ, ಉಳಿಯುವಂಥ ಗಾಡಿ) ಮಾಡಿ ಮಾರುವವರ ಹತ್ತಿರ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ನನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಎಷ್ಟು ಭಾರ ಹಾಕಬಹುದು ಅಂತ ಮೊದಲೇ ಕೇಳಿದ್ದೆ. ಮಾರುವವನು ಆರ್‌ಸಿ ತೆಗೆದು ತೋರಿಸಿದ. ಒಟ್ಟು ತೂಕದ ಮಿತಿ 3,500 ಕೆಜಿ, ಖಾಲಿ ತೂಕ 2,740. "ಇನ್ನೂ 760 ಕೆಜಿ ಇದೆ ಸಾರ್, ಮನೆಯನ್ನೇ ತುಂಬಿಸಿ" ಅಂದ. ಸರ್ಕಾರಿ ಕಾಗದದಲ್ಲೇ ಇದೆ ಅಲ್ವಾ, ಯಾರು ನಂಬುವುದಿಲ್ಲ?

ನಂಬಿ ಕೊಂಡೆ. ಕೊಡಗಿನ ಭಾಗಮಂಡಲಕ್ಕೆ ಹೋಗಿ ಕರಿಕೆ, ಪಾಣತ್ತೂರು ದಾರಿಯಾಗಿ ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂತು. ಪೆಡಲ್ ಮೆತ್ತಗಾಯಿತು. ಹಿಂದೆ ಮಕ್ಕಳು ಮಲಗಿದ್ದರು. ನೆನೆದರೆ ಈಗಲೂ ಕೈ ನಡುಗುತ್ತದೆ.

ಊರಿಗೆ ಬಂದ ಮೇಲೆ ಕೆಂಪುಕಲ್ಲಿನ ಲಾರಿ ತೂಗುವ ವೇಬ್ರಿಡ್ಜ್‌ಗೆ ಗಾಡಿ ಹತ್ತಿಸಿದೆ. ಟ್ಯಾಂಕಿನಲ್ಲಿ ಹನಿ ನೀರಿಲ್ಲ, ಒಳಗೆ ಜನ ಇಲ್ಲ, ಸಾಮಾನಿಲ್ಲ. ಚೀಟಿಯಲ್ಲಿ 3,260! ಇನ್ನೊಮ್ಮೆ ತೂಗಿಸಿದೆ. ಅದೇ 3,260.

ಅವನು ತೋರಿಸಿದ 2,740 ಮಂಚ, ಕಪಾಟು, ಎಸಿ, ಬ್ಯಾಟರಿ ಕೂರಿಸುವ ಮೊದಲಿನ ತೂಕ. ಉಳಿದದ್ದು 760 ಅಲ್ಲ, 240. ನಾವು ನಾಲ್ವರು ಕೂತರೆ 260. ಹತ್ತಿ ಕೂತ ಕೂಡಲೇ ಮಿತಿ ದಾಟಿತು! ಅದರ ಮೇಲೆ 100 ಲೀಟರ್ ನೀರು ಅಂದರೆ ಇನ್ನೂ 100 ಕೆಜಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30. ಬಟ್ಟೆ, ಪಾತ್ರೆ ಲೆಕ್ಕಕ್ಕೇ ಹಿಡಿದಿಲ್ಲ. ಅದೂ ನೀರಿನ ಟ್ಯಾಂಕ್, ಬ್ಯಾಟರಿ ಎರಡೂ ಹಿಂದೆ. ಆ ಭಾರವೆಲ್ಲ ಹಿಂದಿನ ಆಕ್ಸಲ್ (ಹಿಂದಿನ ಚಕ್ರಗಳ ಅಚ್ಚು) ಮೇಲೆ.

ಫೋನ್ ಮಾಡಿದೆ. "ಎಲ್ಲರೂ ಹಾಗೇ ಓಡಿಸ್ತಾರೆ ಸಾರ್, ಯಾರು ತೂಗ್ತಾರೆ?" ಅಂದ. ಬ್ರೇಕ್ ವಿಷಯ ಹೇಳಿದೆ. "ಘಾಟಿಯಲ್ಲಿ ಗೇರ್‌ನಲ್ಲಿ ಇಳಿಸಬೇಕು, ನಿಮಗೆ ಅಭ್ಯಾಸ ಇಲ್ಲ." ಇಷ್ಟು ವರ್ಷದಿಂದ ಈ ಗುಡ್ಡದ ರಸ್ತೆಗಳಲ್ಲೇ ಓಡಿಸುತ್ತಿರುವ ನನಗೆ! ಹಾಗಾದರೆ 760 ಯಾಕೆ ಹೇಳಿದಿರಿ ಅಂತ ಕೇಳಿದರೆ, "ನಾನೆಲ್ಲಿ ಹೇಳಿದೆ, ಆರ್‌ಸಿಯಲ್ಲಿ ಇದ್ದದ್ದು ಅಲ್ವಾ?" ಕೊನೆಗೆ ಒಂದು ಮೆಸೇಜ್: "ನೀರು ತುಂಬಿಸಬೇಡಿ. ಹೋದಲ್ಲಿ ತುಂಬಿಸಿ." ಆಮೇಲೆ ಫೋನೇ ಎತ್ತುತ್ತಿಲ್ಲ.

ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್‌ಗೆ ಮತ್ತೆ 2,000. ಅದನ್ನು ಕಟ್ಟುವವನು ಅವನಲ್ಲ, ನಾವು.

ಗಾಡಿಯನ್ನು ನಿಮ್ಮ ಎದುರೇ ತೂಗಿಸಿ. ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ. ಆ ತೂಕಕ್ಕೆ ಜನ, ನೀರು, ಗ್ಯಾಸ್ ಎಲ್ಲ ಕೂಡಿಸಿ ನೋಡಿ. ಒಳಗಡೆ ಮಾಡಿದ ಬದಲಾವಣೆ ಆರ್‌ಸಿಯಲ್ಲಿ ಸೇರಿದೆಯಾ ಕೇಳಿ. "ತೂಗುವುದು ಯಾಕೆ ಸಾರ್" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ತೂಗಿಸುವ ಮೊದಲು ಅಡ್ವಾನ್ಸ್ ಅಂತೂ ಕೊಡಲೇಬೇಡಿ, ನಾನು ಕೊಟ್ಟ ದುಡ್ಡು ಇನ್ನೂ ವಾಪಸ್ ಬಂದಿಲ್ಲ.