ಏಳನೆಯ ಮಹಡಿಗೆ ಒಂದೇ ಕೇಬಲ್: ಮುಲುಂಡಿನ ಒಂದು ಬ್ರಾಡ್‌ಬ್ಯಾಂಡ್ ಸೇವೆಯ ವಿಮರ್ಶೆ

ಮುಂಬಯಿಯ ಮುಲುಂಡ್ ಪೂರ್ವದಲ್ಲಿರುವ ನಮ್ಮ ಏಳು ಮಹಡಿಯ ಸೊಸೈಟಿಗೆ ಸ್ಥಳೀಯ ಕಂಪನಿಯೊಂದು ಫೈಬರ್ ಇಂಟರ್ನೆಟ್ ಒದಗಿಸುತ್ತಿದೆ. ಎರಡು ವರ್ಷಗಳಿಂದ ನಾನು ಅದರ ಗ್ರಾಹಕ. ಈ ಬಗೆಯ ಕಂಪನಿಗಳ ಕೆಲಸ ಗಲ್ಲಿಯಿಂದ ಗಲ್ಲಿಗೆ ಬದಲಾಗುವುದರಿಂದ, ನನ್ನ ಕಟ್ಟಡದ ಅನುಭವವನ್ನು ಇಡೀ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ಹೆಸರನ್ನು ಬಿಟ್ಟಿದ್ದೇನೆ. 100 ಎಂಬಿಪಿಎಸ್ ಪ್ಲಾನಿಗೆ ತಿಂಗಳಿಗೆ 799 ರೂಪಾಯಿ. ಶೇಕಡಾ 18ರ ಜಿಎಸ್‌ಟಿ ಸೇರಿದರೆ 943 ರೂಪಾಯಿಯಾಗುತ್ತದೆ. ಆರು ತಿಂಗಳ ಹಣವನ್ನು ಮುಂಗಡವಾಗಿಯೇ ಕಟ್ಟಿಸಿಕೊಳ್ಳುತ್ತಾರೆ. ಜೊತೆಗೆ ಒಂದು ಓಟಿಟಿ ಆ್ಯಪ್‌ನ ಚಂದಾ ಉಚಿತ.

ಈ ಸೇವೆಯ ಬಹು ದೊಡ್ಡ ಗುಣವೆಂದರೆ ಅದರ ಕೆಲಸಗಾರರು. ಕಳೆದ ಮಳೆಗಾಲದ ಒಂದು ಸಂಜೆ ಮನೆಯ ಇಂಟರ್ನೆಟ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕತೊಡಗಿ ಸಂಪರ್ಕ ನಿಂತುಹೋಯಿತು. ಫೋನ್ ಮಾಡಿದ ಮೂರು ಗಂಟೆಯೊಳಗೆ ಬಂದ ಹುಡುಗ ಕಲಬುರಗಿ ಕಡೆಯವನು. ಬಾಗಿಲ ಮೇಲಿನ ಹೆಸರು ನೋಡಿದವನೇ ಕನ್ನಡದಲ್ಲಿ ಮಾತು ತೆಗೆದ. ಫೈಬರಿನ ತುದಿಯನ್ನು ಬೆಳಕಿನ ಬಲ ಅಳೆಯುವ ಪವರ್ ಮೀಟರಿಗೆ ಸಿಕ್ಕಿಸಿ, "ಮೈನಸ್ ಮೂವತ್ತು ಅದ ನೋಡ್ರಿ ಸರ. ಇಪ್ಪತ್ತೇಳರ ಕೆಳಗ ಹೋದ್ರ ಪೆಟ್ಟಿಗಿ ಹಿಡಿಯಂಗಿಲ್ಲ" ಎಂದು ನನಗೂ ತೋರಿಸಿದ. ನಾಲ್ಕನೆಯ ಮಹಡಿಯಲ್ಲಿ ಕೇಬಲು ಹಾಯುವ ಡಕ್ಟಿನೊಳಗೆ ಇಲಿ ಕಡಿದಿದ್ದ ಜಾಗವನ್ನು ಟಾರ್ಚ್ ಹಿಡಿದು ಹುಡುಕಿ, ಕೂದಲೆಳೆಯಂಥ ಗಾಜಿನ ಎರಡು ತುದಿಗಳನ್ನು ಯಂತ್ರದಲ್ಲಿಟ್ಟು ಬೆಸೆದು ಬಂದ ಮೇಲೆ ಅದೇ ಮೀಟರು ಮೈನಸ್ ಹತ್ತೊಂಬತ್ತು ತೋರಿಸಿತು. ಕಾಲ್ ಸೆಂಟರಿನ ಧ್ವನಿಯಂತ್ರಕ್ಕೆ ಒಂದು ಒತ್ತಿ, ಎರಡು ಒತ್ತಿ ಸುಸ್ತಾಗಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ದೂರು ಇರುವುದು ರಾತ್ರಿ ಒಂಬತ್ತರಿಂದ ಹನ್ನೊಂದರವರೆಗಿನ ಎರಡು ಗಂಟೆಗಳ ಬಗ್ಗೆ. ಆ ಹೊತ್ತಿನಲ್ಲಿ ಮಗಳ ಆನ್‌ಲೈನ್ ತರಗತಿಯ ವಿಡಿಯೊ ಅಡಿಗಡಿಗೆ ನಿಲ್ಲುತ್ತದೆ; ಆದರೆ ಪಕ್ಕದ ಕೋಣೆಯಲ್ಲಿ ಕಂಪನಿಯೇ ಕೊಟ್ಟಿರುವ ಓಟಿಟಿಯ ಧಾರಾವಾಹಿ ನೀರು ಹರಿದಂತೆ ಸಾಗುತ್ತಿರುತ್ತದೆ. ತಮಗೆ ಬೇಕಾದವರಿಗೆ ದಾರಿ ಬಿಟ್ಟು ಉಳಿದವರನ್ನು ತಡೆಯುತ್ತಿದ್ದಾರೆ ಎಂಬ ಅನುಮಾನ ಯಾರಿಗಾದರೂ ಬರುತ್ತದೆ, ನನಗೂ ಬಂತು. ಅಂಥ ತಾರತಮ್ಯಕ್ಕೆ ನಮ್ಮ ದೇಶದಲ್ಲಿ ಅವಕಾಶವಿಲ್ಲ. ಎಲ್ಲ ತಾಣಗಳನ್ನೂ ಒಂದೇ ರೀತಿ ಸಾಗಿಸಬೇಕೆಂಬ ಈ ತತ್ವವೇ ನೆಟ್ ತಟಸ್ಥತೆ. 2015ರಲ್ಲಿ ಅದಕ್ಕಾಗಿ ಲಕ್ಷಾಂತರ ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಇಮೇಲ್ ಕಳಿಸಿದ ಚಳವಳಿ ಹಲವರಿಗೆ ನೆನಪಿರಬಹುದು. 2016ರ ಫೆಬ್ರವರಿ 8ರಂದು ಟ್ರಾಯ್ ಹೊರಡಿಸಿದ ನಿಯಮಾವಳಿಯು, ನೋಡುವ ವಿಷಯಕ್ಕೆ ತಕ್ಕಂತೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿ, ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷದವರೆಗೆ ದಂಡವನ್ನು ಗೊತ್ತುಮಾಡಿತು. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ (ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ಯೋಜನೆ) ಇಲ್ಲಿಂದ ಗಂಟುಮೂಟೆ ಕಟ್ಟಿದ್ದು ಆಗಲೇ. ವೇಗದಲ್ಲಿ ಪಕ್ಷಪಾತ ಮಾಡುವುದನ್ನು, ತಡೆಯುವುದನ್ನು ನಿಷೇಧಿಸುವ ಶಿಫಾರಸು 2017ರ ನವೆಂಬರಿನಲ್ಲಿ ಬಂತು. 2018ರ ಜುಲೈಯಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಒಪ್ಪಿಕೊಂಡಿತು.

ಹಾಗಾಗಿ ಆರೋಪ ಮಾಡುವ ಮೊದಲು ಪರೀಕ್ಷೆ ಮಾಡೋಣವೆಂದು ಒಂದು ವಾರ ಲೆಕ್ಕ ಬರೆದಿಟ್ಟೆ. ರಾತ್ರಿ ಒಂಬತ್ತೂವರೆಗೆ ಸ್ಪೀಡ್ ಟೆಸ್ಟ್ ಆ್ಯಪ್ 96 ತೋರಿಸುತ್ತಿತ್ತು. ಅದು ಆರಿಸಿಕೊಂಡಿದ್ದ ಸರ್ವರು ಕಂಪನಿಯದೇ ಜಾಲದೊಳಗಿನದು; ಊರೊಳಗೇ ಗಾಡಿ ಓಡಿಸಿ ಹೆದ್ದಾರಿ ಖಾಲಿಯಿದೆ ಎಂದ ಹಾಗೆ. ಹೊರದೇಶದ ಸರ್ವರಿನಿಂದ ದೊಡ್ಡ ಫೈಲೊಂದನ್ನು ಇಳಿಸಿಕೊಂಡಾಗ ವೇಗ ಆರೇಳು ಎಂಬಿಪಿಎಸ್ ದಾಟಲಿಲ್ಲ. ಅದೇ ಫೈಲನ್ನು ಮುಚ್ಚಿದ ಸುರಂಗದಂಥ ವಿಪಿಎನ್ ಮೂಲಕ ಇಳಿಸಿದಾಗಲೂ ಅಷ್ಟೇ ಬಂತು. ಬೆಳಗಿನ ಆರು ಗಂಟೆಗೆ ನೋಡಿದರೆ ಎರಡು ಬಗೆಯಲ್ಲೂ ತೊಂಬತ್ತರ ಆಸುಪಾಸು. ವಿಪಿಎನ್ ಹಾಕಿದಾಗ ನಾನು ಏನನ್ನು ತರಿಸಿಕೊಳ್ಳುತ್ತಿದ್ದೇನೆಂಬುದು ಕಂಪನಿಗೆ ಕಾಣುವುದಿಲ್ಲ. ಕಾಣದಿದ್ದಾಗಲೂ ನಿಧಾನವೇ ಎಂದಾದರೆ ಅದು ಆರಿಸಿ ತಡೆಯುತ್ತಿರುವ ಸಾಧ್ಯತೆ ಕಡಿಮೆ. ಮೇಲಿನ ಸಗಟು ಜಾಲದಿಂದ ಕೊಂಡ ಸಾಮರ್ಥ್ಯ ಕಡಿಮೆ, ರಾತ್ರಿ ಹಂಚಿಕೊಳ್ಳುವವರು ಹೆಚ್ಚು. ಓಟಿಟಿ ಸರಾಗವಾಗಿ ಬರುವುದು ಅದರ ಪ್ರತಿಗಳನ್ನಿಟ್ಟ ಸಂಗ್ರಹ ಸರ್ವರು ಕಂಪನಿಯ ಜಾಲದೊಳಗೇ ಇರುವುದರಿಂದ ಇರಬೇಕು. ಇಂಥ ಸಂಗ್ರಹ ಸರ್ವರುಗಳ ವಿತರಣಾ ಜಾಲಗಳನ್ನು ಟ್ರಾಯ್ ತನ್ನ 2017ರ ಶಿಫಾರಸಿನಲ್ಲಿ ತಟಸ್ಥತೆಯ ನಿಯಮದಿಂದ ಹೊರಗಿಟ್ಟಿತ್ತು. ಆದ್ದರಿಂದ ಕಂಪನಿಯ ಮೇಲೆ ನಾನು ಹೊರಿಸುವ ತಪ್ಪು ಪಕ್ಷಪಾತವಲ್ಲ, ಜಿಪುಣತನ. 100 ಎಂದು ಮಾರಿ ರಾತ್ರಿ ಏಳು ಕೊಡುವುದು ನೆಟ್ ತಟಸ್ಥತೆಯ ಉಲ್ಲಂಘನೆಯಲ್ಲದಿದ್ದರೂ ಪ್ರಾಮಾಣಿಕ ವ್ಯಾಪಾರವಂತೂ ಅಲ್ಲ.

ಈ ಜಿಪುಣತನಕ್ಕೆ ಧೈರ್ಯ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದರೆ ನಮ್ಮ ಸೊಸೈಟಿಯ ಆಫೀಸಿನ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ. ಟೆರೇಸು ಮತ್ತು ಡಕ್ಟುಗಳನ್ನು ಬಳಸಲು ಈ ಕಂಪನಿ ಸೊಸೈಟಿಗೆ ವಾರ್ಷಿಕ ಬಾಡಿಗೆ ಕೊಡುತ್ತದೆ, ಪ್ರತಿಯಾಗಿ ಬೇರೆಯವರಿಗೆ ಜಾಗ ಕೊಡುವುದಿಲ್ಲವೆಂದು ಹಿಂದಿನ ಕಮಿಟಿ ಬರೆದುಕೊಟ್ಟಿದೆ. ಬಾಡಿಗೆಯಿಂದ ಮೆಟ್ಟಿಲಿನ ದೀಪದ ಬಿಲ್ಲು ಹೋಗುತ್ತದೆಂಬುದು ಸೆಕ್ರೆಟರಿಯವರ ಸಮರ್ಥನೆ. ಅದು ನಿಜವೂ ಹೌದು. ಆದರೆ ನಾನು ಏನನ್ನು ನೋಡಬೇಕೆಂದು ಇಂಟರ್ನೆಟ್ ಕಂಪನಿ ನಿರ್ಧರಿಸಬಾರದು ಎಂದು ಕಾನೂನು ಮಾಡಿದ ದೇಶದಲ್ಲಿ, ಆ ಕಂಪನಿ ಯಾವುದಾಗಿರಬೇಕೆಂಬುದನ್ನು ಐದು ಜನರ ಕಮಿಟಿ ಚಹಾ ಕುಡಿಯುತ್ತ ತೀರ್ಮಾನಿಸಿಬಿಡುತ್ತದೆ. ಎದುರಿನ ಕಟ್ಟಡದಲ್ಲಿ ಮೂರು ಕಂಪನಿಗಳ ಪೆಟ್ಟಿಗೆಗಳಿವೆ. ಅಲ್ಲಿ ನಮ್ಮ ಇದೇ ಕಂಪನಿ ಇದೇ 799 ರೂಪಾಯಿಗೆ 200 ಎಂಬಿಪಿಎಸ್ ಕೊಡುತ್ತದೆ, ತಿಂಗಳ ಲೆಕ್ಕದಲ್ಲೇ ಹಣ ತೆಗೆದುಕೊಳ್ಳುತ್ತದೆ. ನಡುವೆ ಇರುವುದು ಇಪ್ಪತ್ತು ಅಡಿಯ ರಸ್ತೆ.

ನಿಧಾನಗತಿಯ ಬಗ್ಗೆ ಕೊಟ್ಟ ದೂರಿಗೆ ದೂರು ಸಂಖ್ಯೆಯೇನೋ ಸಿಕ್ಕಿತು. ಎರಡು ದಿನಗಳಲ್ಲಿ ಅದನ್ನು "ಪರಿಹರಿಸಲಾಗಿದೆ" ಎಂದು ಮುಚ್ಚಿದರು. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ನೇರವಾಗಿ ವಿಚಾರಿಸುವುದಿಲ್ಲ. ಕಂಪನಿಯ ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಬೆಳಗಿನ ಮತ್ತು ರಾತ್ರಿಯ ಅಂಕಿಗಳನ್ನು ಪಟ್ಟಿ ಮಾಡಿ ಬರೆದ ಮೇಲೆ ಫೋನ್ ಬಂತು, ರಾತ್ರಿಯ ವೇಗ ಏಳರಿಂದ ಇಪ್ಪತ್ತೆರಡಕ್ಕೆ ಏರಿತು. ಬರಿಗೈಯಲ್ಲಿ ದೂರುವುದಕ್ಕಿಂತ ಅಂಕಿ ಹಿಡಿದುಕೊಂಡು ಹೋಗುವುದು ಲೇಸು.

ಹಗಲು ಮನೆಯಿಂದ ಕೆಲಸ ಮಾಡಿ ರಾತ್ರಿ ಬೇಗ ಮಲಗುವವರು ಈ ಸೇವೆಯನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ರಾತ್ರಿ ಓದುವ ಮಕ್ಕಳಿರುವ ಮನೆಗೆ, ಹೊರದೇಶದ ಕಚೇರಿಯ ಜೊತೆ ಮಾತಾಡುವವರಿಗೆ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ; ತೆಗೆದುಕೊಂಡರೂ ಆರು ತಿಂಗಳ ಮುಂಗಡಕ್ಕೆ ಒಪ್ಪದಿರಿ, ಸ್ವಲ್ಪ ಜಗ್ಗಾಡಿದರೆ ಮೂರು ತಿಂಗಳಿಗೆ ಇಳಿಯುತ್ತಾರೆ. ಐದು ನಕ್ಷತ್ರಗಳಲ್ಲಿ ನಾನು ಎರಡೂವರೆ ಕೊಡುತ್ತೇನೆ, ಅದರಲ್ಲಿ ಒಂದೂವರೆ ಆ ಕಲಬುರಗಿಯ ಹುಡುಗನಿಗೆ. ಕಳೆದ ವಾರ್ಷಿಕ ಸಭೆಯಲ್ಲಿ ಎರಡನೆಯ ಕಂಪನಿಗೆ ಜಾಗ ಕೊಡುವ ನಿರ್ಣಯ ಕೊನೆಗೂ ಪಾಸಾಯಿತು. ಅದರ ಕೇಬಲು ಈಗ ಐದನೆಯ ಮಹಡಿಯವರೆಗೆ ಬಂದಿದೆ. ನಮ್ಮ ಮನೆ ಏಳನೆಯದರಲ್ಲಿದೆ.