ಎಂಜಿನ್ ಬದಲಿಸಿದ ಗಾಡಿಗೆ ಆರ್‌ಸಿ ತಿದ್ದುಪಡಿ: ಪುಣೆಯಲ್ಲಿ ವಾಹನ್ ಪೋರ್ಟಲ್ ಸೇವೆ ಹೇಗಿದೆ?

ಹಳೆ ಜಿಪ್ಸಿಗೋ ಮಾರುತಿ 800ಕ್ಕೋ ಬೇರೆ ಎಂಜಿನ್ ಕೂರಿಸುವುದು ಒಳ್ಳೆ ಗ್ಯಾರೇಜಿಗೆ ಕೆಲವೇ ದಿನಗಳ ಕೆಲಸ. ಆ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸುವುದರಲ್ಲೇ ಕಷ್ಟವಿರುವುದು. ಅದಕ್ಕಿರುವ ಅಧಿಕೃತ ದಾರಿ ಸರ್ಕಾರದ ವಾಹನ ನೋಂದಣಿ ಜಾಲತಾಣವಾದ ವಾಹನ್ ಪೋರ್ಟಲ್‌ನ ‘ಆಲ್ಟರೇಷನ್ ಆಫ್ ಮೋಟಾರ್ ವೆಹಿಕಲ್’ ಸೇವೆ, ಅದರ ಬೆನ್ನಿಗೆ ಆರ್‌ಟಿಒ ತಪಾಸಣೆ. ಪುಣೆಯಲ್ಲಿ ಎಂಎಚ್-12 ಗಾಡಿಗಳಿಗೆ ಸಂಗಮ್ ಸೇತುವೆ ಹತ್ತಿರದ ಕಚೇರಿ, ಎಂಎಚ್-14ಕ್ಕೆ ಪಿಂಪ್ರಿ-ಚಿಂಚ್‌ವಡ್.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕುವವರಿಗೆ ಇದು ನಂಬಬಹುದಾದ ಸೇವೆ. ಬೇರೆ ಮಾದರಿಯ ಎಂಜಿನ್ ಹಾಕಿಸಿಕೊಂಡು ಬಂದವರಿಗೆ ಇದರಿಂದ ಏನೂ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಫೀ ಕಟ್ಟಿದ ರಸೀದಿ ಒಪ್ಪಿಗೆ ಪತ್ರವಲ್ಲ ಎಂಬುದನ್ನು ಜನ ಮರೆಯುತ್ತಾರೆ.

ಕಾರಣ ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿತು. ವಿನಾಯಿತಿ ಇರುವುದು ಮುಖ್ಯವಾಗಿ ಇಂಧನ ಬದಲಾವಣೆಗೆ: ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ. ಅಲ್ಲೂ ಕಿಟ್‌ಗೆ ಪರೀಕ್ಷಾ ಸಂಸ್ಥೆಯ ಟೈಪ್ ಅಪ್ರೂವಲ್ (ಮಾದರಿಯನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ) ಬೇಕು. ಹೀಗಾಗಿ 796 ಸಿಸಿಯ ಮಾರುತಿ 800ಕ್ಕೆ ವ್ಯಾಗನ್‌ಆರ್‌ನ 1061 ಸಿಸಿ ಎಂಜಿನ್ ಹಾಕಿದರೆ ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ಆರ್‌ಸಿಗೆ ಏರುವುದಿಲ್ಲ. ‘ಎಆರ್‌ಎಐ ಇಲ್ಲೇ ಕೋಥ್ರೂಡ್ ಗುಡ್ಡದ ಮೇಲಿದೆಯಲ್ಲ, ಅಲ್ಲಿಂದ ಸರ್ಟಿಫಿಕೇಟ್ ತರೋಣ’ ಎನ್ನುವವರಿದ್ದಾರೆ. ವಾಹನ ಪರೀಕ್ಷಾ ಸಂಸ್ಥೆಯಾದ ಎಆರ್‌ಎಐನ ಆ ಪರೀಕ್ಷೆಗಳು ವಾಹನ ಮತ್ತು ಕಿಟ್ ತಯಾರಕರಿಗಾಗಿ ಇರುವಂಥವು. ಒಂದೇ ಒಂದು ಗಾಡಿಯ ಮಾಲೀಕರಿಗೆ ಆ ಖರ್ಚು ಹೊರೆ. ಒಪ್ಪಿಗೆಯಿಲ್ಲದ ಬದಲಾವಣೆ ಸಿಕ್ಕಿಬಿದ್ದರೆ 182ಎ ಕಲಂ ಅಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಒಪ್ಪಿಗೆ ಮೊದಲು, ಎಂಜಿನ್ ಆಮೇಲೆ: ಈ ಕ್ರಮ ತಪ್ಪಿಸಬೇಡಿ. ಮುಂಗಡ ಒಪ್ಪಿಗೆಯಿಲ್ಲದೆ ಬದಲಾವಣೆ ಆಗಿಹೋಗಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಮತ್ತು ಫೀ ಸಲ್ಲಿಸಬೇಕು. ತಿಳಿಸಿದ ಮಾತ್ರಕ್ಕೆ ತಪ್ಪು ಎಂಜಿನ್ ಸರಿಯಾಗುವುದಿಲ್ಲ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಟ್ರಾನ್ಸ್‌ಪೋರ್ಟ್ ವಾಹನ ಇರುವವರಿಗೆ ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ಮುಂಗಡ ಒಪ್ಪಿಗೆಯಿಂದ ವಿನಾಯಿತಿ ಕೊಡಬಹುದು. ಅದು ಕೂಡ ಅದೇ ಕಂಪನಿ, ಅದೇ ಬಗೆಯ ಎಂಜಿನ್‌ಗೆ ಮಾತ್ರ, ವರದಿ ಮಾಡುವ 14 ದಿನದ ಗಡುವು ಅವರಿಗೂ ಉಂಟು.

ಪೋರ್ಟಲ್ ಭಾಗ ಸಲೀಸು. ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಕ್ಷರ, ಮೊಬೈಲಿಗೆ ಒಟಿಪಿ. ಆರ್‌ಸಿಯಲ್ಲಿರುವ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಅಲ್ಲೇ ನಿಲ್ಲುತ್ತೀರಿ. ಅದನ್ನು ಮೊದಲು ಬದಲಿಸಿಕೊಳ್ಳಿ. ಜೊತೆಗೆ ಬೇಕಾಗುವುದು ಆರ್‌ಸಿ, ಚಾಲ್ತಿ ವಿಮೆ, ಪಿಯುಸಿ, ಎಂಜಿನ್ ಬಿಲ್, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ.

ಬಿಲ್ಲೇ ಇಲ್ಲಿ ಪ್ರಾಣ. ಮುಂಬೈ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆ ಎಂಜಿನ್ ಸಿಗುವುದು ಕಷ್ಟವಲ್ಲ. ‘ಸೆಕೆಂಡ್ ಹ್ಯಾಂಡ್ ಎಂಜಿನ್, 1 ನಗ’ ಎಂದಷ್ಟೇ ಬರೆದ ಚೀಟಿ ಹಿಡಿದು ಬಂದರೆ ಕೆಲಸವಾಗದು. ಬಿಲ್ಲಿನಲ್ಲಿ ಎಂಜಿನ್ ನಂಬರ್ ಪೂರ್ತಿ ಇರಬೇಕು. ಅದು ಯಾವ ಗಾಡಿಯಿಂದ ಇಳಿದದ್ದು, ಆ ಗಾಡಿಯ ನೋಂದಣಿ ರದ್ದಾಗಿದೆಯೇ ಎಂಬ ಕಾಗದ ಜೊತೆಗಿರಬೇಕು. ದುಡ್ಡು ಕೊಡುವ ಮುಂಚೆಯೇ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ (ಎನ್‌ಸಿಆರ್‌ಬಿ) ವಾಹನ್ ಸಮನ್ವಯ್ ಜಾಲತಾಣದಲ್ಲಿ ಆ ನಂಬರ್ ಹಾಕಿ ನೋಡಿ. ಕದ್ದ ಗಾಡಿಗಳ ಪಟ್ಟಿಯಲ್ಲಿ ಅದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ವರದಿಯ ಪ್ರಿಂಟ್ ಕಡತಕ್ಕೆ ಸೇರಿಸಿಡಿ.

ಕಂಪನಿಯಿಂದ ಹೊಸ ಶಾರ್ಟ್ ಬ್ಲಾಕ್ (ಹೆಡ್ ಇಲ್ಲದ ಎಂಜಿನ್ನಿನ ಕೆಳಭಾಗ) ತರಿಸುವವರಿಗೆ ಇನ್ನೊಂದು ತೊಡಕು. ಕೆಲವು ಬ್ಲಾಕ್‌ಗಳ ಮೇಲೆ ನಂಬರೇ ಇರುವುದಿಲ್ಲ. ಆಗ ಡೀಲರ್ ಪತ್ರದಲ್ಲಿ ಅದು ಸ್ಪಷ್ಟವಾಗಿರಲಿ, ನಂಬರ್ ಪಂಚ್ ಮಾಡಿಸುವುದು ಆರ್‌ಟಿಒ ಅನುಮತಿಯ ನಂತರವೇ ಆಗಲಿ. ಗ್ಯಾರೇಜಿನವರು ‘ಹಳೇ ನಂಬರನ್ನೇ ಹೊಡೆದುಕೊಡ್ತೀನಿ ಬಿಡಿ ಸಾರ್’ ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಅದು ಅಪರಾಧ. ಫೊರೆನ್ಸಿಕ್ ಪರೀಕ್ಷೆಗೆ ಹೋದರೆ ಲೋಹದ ಮೇಲಿನ ಹಳೆ ಗುರುತು ಹೊರಬರಬಹುದು.

ತಪಾಸಣೆ ದಿನ ನಂಬರ್ ಕಾಣಬೇಕು. ಎಷ್ಟೋ ಗಾಡಿ ಹಿಂದಿರುಗುವುದು ಇಷ್ಟೇ ಕಾರಣಕ್ಕೆ. ಬ್ಲಾಕ್ ಮೇಲಿನ ನಂಬರಿಗೆ ವರ್ಷಗಳ ಆಯಿಲ್, ಧೂಳು ಮೆತ್ತಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಟ್ಟು, ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ. ಗ್ರೈಂಡರ್, ಎಮರಿ ಪೇಪರ್, ಪೇಂಟ್ ಮುಟ್ಟಿಸಬೇಡಿ. ಅಕ್ಷರದ ಅಂಚು ಸವೆದರೆ ತಿದ್ದಿದ ಅನುಮಾನ ಬರುತ್ತದೆ. ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿ ಸವರಿ, ಸೆಲ್ಲೋಟೇಪ್ ಅಂಟಿಸಿ ಎತ್ತಿ, ಬಿಳಿ ಹಾಳೆಗೆ ಹಚ್ಚಿ. ಚಾಸಿಯದೂ ಹಾಗೇ. ಎರಡು ಮೂರು ಪ್ರತಿ ಇರಲಿ. ಎಂಜಿನ್ ನಂಬರಿನ ಮೊದಲ ಅಕ್ಷರಗಳಲ್ಲೇ ಮಾದರಿ ಇರುತ್ತದೆ (ಮಾರುತಿ 800ರದು ಎಫ್8ಬಿ, ಕೊನೆಯ ಜಿಪ್ಸಿಯದು ಜಿ13ಬಿಬಿ), ಹಾಗಾಗಿ ಬೇರೆ ಎಂಜಿನ್ ಅನ್ನು ಇನ್‌ಸ್ಪೆಕ್ಟರ್ ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಪಿಯುಸಿಯನ್ನು ಹೊಸ ಎಂಜಿನ್ ಕೂತ ಮೇಲೆ ಮತ್ತೆ ಮಾಡಿಸಿ. ಬಿಎಸ್-4 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಹಳೆ ಆಕ್ಸಿಜನ್ ಸೆನ್ಸರ್, ಸೋರುವ ಎಕ್ಸಾಸ್ಟ್ ಗ್ಯಾಸ್ಕೆಟ್, ತೆಗೆದುಹಾಕಿದ ಕ್ಯಾಟಲಿಟಿಕ್ ಕನ್ವರ್ಟರ್: ಫೇಲ್ ಆದರೆ ಈ ಮೂರನ್ನು ಮೊದಲು ನೋಡಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆಯೇ ಟೆಸ್ಟಿಗೆ ಕೊಡಿ.

ಕೆಎ ನಂಬರಿನ ಗಾಡಿ ಪುಣೆಯಲ್ಲಿಟ್ಟಿರುವ ನಮ್ಮವರಿಗೆ ಪ್ರತ್ಯೇಕವಾಗಿ ಒಂದು ಮಾತು. ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಹೇಗೂ ಎಂಎಚ್ ನಂಬರ್ ಬೇಕು. ಆ ಕೆಲಸವನ್ನು ಹಳೆ ಎಂಜಿನ್ ಇರುವಾಗಲೇ ಮುಗಿಸಿ: ಕರ್ನಾಟಕದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಇಲ್ಲಿ ಹೊಸ ನಂಬರಿಗೆ ಫಾರಂ 27, ತೆರಿಗೆ, ತಪಾಸಣೆ. ಎಂಜಿನ್ ಮೊದಲು ಬದಲಿಸಿದರೆ ಎನ್‌ಒಸಿಯಲ್ಲಿರುವ ನಂಬರ್ ಒಂದು, ಬಾನೆಟ್ ಕೆಳಗಿರುವುದು ಇನ್ನೊಂದು ಆಗಿ ಎರಡು ರಾಜ್ಯದ ಕಚೇರಿಗಳ ನಡುವೆ ಕಡತ ಸಿಕ್ಕಿಕೊಳ್ಳುತ್ತದೆ.

ಈ ಸೇವೆಯ ದೊಡ್ಡ ಕೊರತೆ ಇದು: ಅರ್ಜಿ ಹಾಕುವಾಗಲೇ ಎಂಜಿನ್ ಮಾದರಿ ಕೇಳಿ, ಆಗುತ್ತದೋ ಇಲ್ಲವೋ ಹೇಳಿಬಿಟ್ಟಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು. ಆ ತೀರ್ಮಾನ ಇನ್‌ಸ್ಪೆಕ್ಟರ್ ಕೈಯಲ್ಲಿದೆ. ಹಾಗಾಗಿ ಎಂಜಿನ್ ಖರೀದಿಗೆ ಮುನ್ನ ಮಾದರಿ, ಸಿಸಿ, ಇಂಧನ, ಬಿಎಸ್ ಮಟ್ಟ ಬರೆದು ಲಿಖಿತ ಅರ್ಜಿ ಕೊಟ್ಟು, ಇನ್‌ವರ್ಡ್ ಸೀಲ್ (ಅರ್ಜಿ ಸ್ವೀಕರಿಸಿದ ಮುದ್ರೆ) ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.

ನಮೂದಾದ ಮೇಲೆ ಎಂಪರಿವಾಹನ್ ಅಥವಾ ಡಿಜಿಲಾಕರ್‌ನಲ್ಲಿ ಆರ್‌ಸಿ ತೆರೆದು ಎಂಜಿನ್ ನಂಬರನ್ನು ಅಕ್ಷರ ಅಕ್ಷರ ತಾಳೆ ನೋಡಿ. 0 ಇದ್ದಲ್ಲಿ ಒ, 8 ಇದ್ದಲ್ಲಿ ಬಿ ಬಿದ್ದಿರುವ ಸಾಧ್ಯತೆ ಇರುತ್ತದೆ. ಆ ಆರ್‌ಸಿಯನ್ನು ವಿಮಾ ಕಂಪನಿಗೆ ಕಳಿಸಿ ಪಾಲಿಸಿಗೆ ಎಂಡಾರ್ಸ್‌ಮೆಂಟ್ (ಹೊಸ ನಂಬರಿನ ತಿದ್ದುಪಡಿ) ಮಾಡಿಸಿ. ಅಪಘಾತವಾದಾಗ ಸರ್ವೇಯರ್ ನೋಡುವುದರಲ್ಲಿ ಚಾಸಿ, ಎಂಜಿನ್ ನಂಬರೂ ಸೇರಿದೆ. ಪಾಲಿಸಿಯಲ್ಲಿ ಹಳೆ ನಂಬರ್ ಉಳಿದಿದ್ದರೆ ಕ್ಲೇಮ್ ಅಲ್ಲೇ ನಿಲ್ಲಬಹುದು.