ಆಪರೇಷನ್ ಆದ ಮೇಲೂ ಬಿಡದ ನೋವು: ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಹಾಕಿಸಿಕೊಳ್ಳಬಹುದೇ?

ಡಿಸ್ಕ್ ಆಪರೇಷನ್ ಆಗಿ ಆರೇಳು ತಿಂಗಳು ಕಳೆದರೂ ಕಾಲಿನ ಉರಿ, ಸೆಳೆತ ಹೋಗದವರಿಗೆ ಪೇನ್ ಕ್ಲಿನಿಕ್‌ಗಳಲ್ಲಿ ಈ ಯಂತ್ರ ಸೂಚಿಸುವುದುಂಟು. ಬೆನ್ನುಹುರಿಗೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವುದು ಇದರ ಕೆಲಸ. ಕರೆಂಟು ಒಯ್ಯುವ ಒಂದೋ ಎರಡೋ ತೆಳು ತಂತಿ (ಲೀಡ್), ಚರ್ಮದಡಿ ಕೂರುವ ಬ್ಯಾಟರಿ, ಕೈಲಿ ಹಿಡಿಯುವ ರಿಮೋಟ್. ಸಾಮಾನು ಇಷ್ಟೇ, ಬೆಲೆ ಮಾತ್ರ ಲಕ್ಷಗಳಲ್ಲಿ.

ಕಾಲಿನ ನರದ ನೋವಿಗೆ ಇದು ಒಗ್ಗುವಷ್ಟು ಬರೀ ಸೊಂಟನೋವಿಗೆ ಒಗ್ಗುವುದಿಲ್ಲ. ಬಗ್ಗಿದಾಗ, ಎದ್ದಾಗ ಮಾತ್ರ ಸೊಂಟ ಹಿಡಿಯುತ್ತಿದ್ದರೆ, ಆಪರೇಷನ್‌ನಲ್ಲಿ ಮೂಳೆ ಬೆಸೆಯಲು ಹಾಕಿದ ಸ್ಕ್ರೂ ಸಡಿಲವಾಗಿರಬಹುದು, ಮೂಳೆ ಬೆಸೆದಿರಲಿಕ್ಕಿಲ್ಲ, ಪಕ್ಕದ ಡಿಸ್ಕ್ ಸವೆದಿರಬಹುದು. ಅದನ್ನು ಕರೆಂಟು ಸರಿಮಾಡದು. ಹಾಗಾಗಿ ಮೊದಲು ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಕೊಟ್ಟು ಎಂಆರ್‌ಐ ಮಾಡಿಸಬೇಕು. ಗಾಯ ಮಾಗಿ ಕಟ್ಟಿದ ಅಂಗಾಂಶ ಔಷಧಿ ಹೀರಿ ಬೆಳ್ಳಗೆ ಕಾಣುತ್ತದೆ. ಮತ್ತೆ ಜಾರಿದ ಡಿಸ್ಕ್ ತುಂಡು ಸಾಮಾನ್ಯವಾಗಿ ನಡುವೆ ಕಪ್ಪಗೇ ಉಳಿಯುತ್ತದೆ. ತುಂಡು ನರವನ್ನು ಒತ್ತುತ್ತಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಇದರಲ್ಲಿ ಮೆಚ್ಚಬೇಕಾದ್ದು ಟ್ರಯಲ್, ಅಂದರೆ ಯಂತ್ರ ಒಳಗೆ ಕೂರಿಸುವ ಮುಂಚಿನ ಪರೀಕ್ಷೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿಯ ಮೂಲಕ ಲೀಡನ್ನು ಎಪಿಡ್ಯೂರಲ್ ಜಾಗಕ್ಕೆ (ಬೆನ್ನುಹುರಿಯ ಪೊರೆಯ ಹೊರಗಿನ ಜಾಗ) ಇಳಿಸಿ, ತುದಿಯನ್ನು ಎದೆಮಟ್ಟದ 8-9ನೇ ಕಶೇರುಕದ ಹತ್ತಿರ ನಿಲ್ಲಿಸುತ್ತಾರೆ. ಕರೆಂಟು ಕೊಟ್ಟಾಗ ಜುಮುಜುಮು ಎಲ್ಲಿ ಬರುತ್ತಿದೆ ಎಂದು ರೋಗಿ ಹೇಳಬೇಕು. ಅದು ನೋವಿರುವ ಜಾಗವನ್ನೇ ಮುಚ್ಚಬೇಕು. ಬ್ಯಾಟರಿ ಹೊರಗೆ ಸೊಂಟಕ್ಕೆ ಕಟ್ಟಿಕೊಂಡು ಸುಮಾರು 3ರಿಂದ 7 ದಿನ ಮನೆಯಲ್ಲಿ. ಎಲ್ಲರೂ ಎಡವುವುದು ಇಲ್ಲೇ: ಹೆದರಿ ಮಲಗಿಬಿಡುತ್ತಾರೆ. ಮಲಗಿದರೆ ಯಂತ್ರವಿಲ್ಲದೆಯೂ ನೋವು ಇಳಿಯುತ್ತದೆ! ಬಗ್ಗದೆ, ತಿರುಚದೆ, ಡ್ರೆಸ್ಸಿಂಗ್ ನೆನೆಸದೆ ಓಡಾಡಿ; ಎಷ್ಟು ದೂರ ನಡೆದಿರಿ, ಎಷ್ಟು ಹೊತ್ತು ಕೂತಿರಿ, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ಬರೆದಿಡಿ. ನೋವು ಅರ್ಧದಷ್ಟಾದರೂ ತಗ್ಗದಿದ್ದರೆ ಲೀಡ್ ಎಳೆಸಿಬಿಡಿ. ಸಂಕೋಚ ಬೇಡ.

ಟ್ರಯಲ್ ಪಾಸಾದರೂ ಖಾತ್ರಿಯಿಲ್ಲ. ನಾರ್ವೆಯಲ್ಲಿ 50 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನಿನ ಆಪರೇಷನ್ ನಂತರ ಕಾಲುನೋವು ಉಳಿದವರಿಗೆ ಬರ್ಸ್ಟ್ ಮಾದರಿಯ (ಬಿಟ್ಟುಬಿಟ್ಟು ಗುಂಪುಗುಂಪಾಗಿ ಬರುವ) ಕರೆಂಟು ಕೊಟ್ಟಾಗಲೂ ಕೊಡದಿದ್ದಾಗಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಂಪನಿಯ ಪ್ರತಿನಿಧಿ ಇದನ್ನು ತಾನಾಗಿ ಹೇಳಲಾರ, ನೀವೇ ಕೇಳಿ.

ಒಳಗೆ ಕೂರಿಸಿದ ಮೇಲೆ ಆರು ವಾರ ಬಗ್ಗುವುದು, ತಿರುಚುವುದು, ಕೈ ತಲೆಯ ಮೇಲೆ ಎತ್ತುವುದು ಬೇಡ. ಲೀಡ್ ಇನ್ನೂ ಹಿಡಿದುಕೊಂಡಿರುವುದಿಲ್ಲ; ತುಸು ಜರುಗಿದರೂ ಜುಮುಜುಮು ಕಾಲು ಬಿಟ್ಟು ಪಕ್ಕೆಗೆ ಹೋಗುತ್ತದೆ. ಬ್ಯಾಟರಿಯ ಜಾಗವನ್ನು ಆಪರೇಷನ್‌ಗೆ ಮುಂಚೆ, ಕೂತುಕೊಂಡೇ ಗುರುತು ಹಾಕಿಸಿ. ಲಂಗದ ಲಾಡಿ, ಪ್ಯಾಂಟಿನ ಬೆಲ್ಟ್ ಅದರ ಮೇಲೆ ಬಂದರೆ ದಿನವಿಡೀ ಉಜ್ಜುತ್ತದೆ. ಅಂಗಾತ ಮಲಗಿದಾಗ ಬೆನ್ನುಹುರಿ ಲೀಡಿಗೆ ಹತ್ತಿರವಾಗಿ ಕರೆಂಟು ಜೋರೆನಿಸುತ್ತದೆ. ಜುಮುಜುಮು ಬರುವ ಮಾದರಿಯಾದರೆ ಮಲಗುವ ಮುಂಚೆ ರಿಮೋಟ್‌ನಲ್ಲಿ ಇಳಿಸಿ. ಜುಮುಜುಮು ಇಲ್ಲದ, ಅತಿ ವೇಗದ 10 ಕಿಲೋಹರ್ಟ್ಸ್ ಮಾದರಿಯಲ್ಲಿ ಈ ತಾಪತ್ರಯವಿಲ್ಲ, ಆದರೆ ಸಾಮಾನ್ಯವಾಗಿ ದಿನಾ ಚಾರ್ಜ್ ಬೇಡುತ್ತದೆ.

ಫಿಸಿಯೋಥೆರಪಿಗೆ ಹೋದಾಗ ಯಂತ್ರವಿದೆ ಎಂದು ಮೊದಲೇ ತಿಳಿಸಿ. ಡಯಾಥರ್ಮಿ ಎಂಬ ಶಾಖ ಚಿಕಿತ್ಸೆ ದೇಹದ ಯಾವ ಭಾಗಕ್ಕೂ ಕೊಡುವಂತಿಲ್ಲ: ಲೀಡ್ ಕಾದು ಬೆನ್ನುಹುರಿಯನ್ನೇ ಸುಡಬಹುದು, ಯಂತ್ರ ಆಫ್ ಇದ್ದರೂ.